ಡೀಸೆಲ್ ಇಂಜೆಕ್ಟರ್‌ನ ತಾಮ್ರದ ವಾಷರ್ ಬದಲಾಯಿಸುವಾಗ ಗಮನಿಸಬೇಕಾದದ್ದು

ಎಂಜಿನ್‌ನೊಳಗೆ ಇಂಧನ ಸಿಂಪಡಿಸುವ ಇಂಜೆಕ್ಟರ್‌ನ ಸೀಲ್ ಎಂದಾಗ ಯಾವ ಸೀಲ್ ಎಂಬುದು ಮೊದಲು ಸ್ಪಷ್ಟವಾಗಬೇಕು. ‘ರೈಲ್’ ಎಂಬ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರ್‌ಗಳಿಗೂ ಹೆಚ್ಚಿನ ಒತ್ತಡದ ಇಂಧನ ಹೋಗುವ ಕಾಮನ್ ರೈಲ್ ಡೀಸೆಲ್ ಎಂಜಿನ್‌ನಲ್ಲಿ ಇಂಜೆಕ್ಟರ್‌ನ ಮೇಲ್ಭಾಗಕ್ಕೆ ಸೇರುವ ರಿಟರ್ನ್ ಪೈಪಿನ ಕೂಡಿಕೆಯಲ್ಲಿ ರಬ್ಬರಿನ ಒ-ರಿಂಗ್ ಇರುತ್ತದೆ. ಕೆಳತುದಿಯಲ್ಲಿ, ಸಿಲಿಂಡರ್ ಹೆಡ್‌ನ ಕುಳಿಯ ತಳದಲ್ಲಿ ತಾಮ್ರದ ವಾಷರ್ ಕುಳಿತಿರುತ್ತದೆ. ಮೊದಲನೆಯದು ಕೆಟ್ಟರೆ ಡೀಸೆಲ್ ಒಸರುತ್ತದೆ. ಎರಡನೆಯದು ಕೆಟ್ಟರೆ ದಹನದ ಅನಿಲ ಮೇಲಕ್ಕೆ ನುಗ್ಗುತ್ತದೆ. ಹಳೆಯ ಸ್ವಿಫ್ಟ್ ಡೀಸೆಲ್ ಕಾರುಗಳಲ್ಲಿರುವ 1248 ಸಿಸಿಯ ಫಿಯೆಟ್ ಮೂಲದ ಎಂಜಿನ್ ಈ ಜೋಡಣೆಗೆ ನಮಗೆ ಸುಲಭವಾಗಿ ಸಿಗುವ ಉದಾಹರಣೆ.

ರೈಲ್‌ನಲ್ಲಿರುವ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡವನ್ನು ಈ ವಾಷರ್ ತಡೆಯುತ್ತದೆ ಎಂದು ಹಲವರು ಭಾವಿಸುತ್ತಾರೆ, ಆದರೆ ಅದು ತಡೆಯುವುದು ಸಿಲಿಂಡರ್‌ನೊಳಗಿನ ಅನಿಲವನ್ನು ಮಾತ್ರ. ದಹನದ ಕ್ಷಣದಲ್ಲಿ 100 ಬಾರ್‌ ದಾಟುವ ಆ ಬಿಸಿ ಅನಿಲಕ್ಕೆ ಕೂದಲೆಳೆಯಷ್ಟು ದಾರಿ ಸಿಕ್ಕರೂ ಸಾಕು, ಎಂಜಿನ್ ಐಡಲ್‌ನಲ್ಲಿರುವಾಗ ‘ಚುಸ್ ಚುಸ್’ ಎಂಬ ಸದ್ದು ಕೇಳಿಸುತ್ತದೆ, ಹೊಗೆಯ ವಾಸನೆ ಕಾರಿನೊಳಗೆ ಬರುತ್ತದೆ ಮತ್ತು ಇಂಜೆಕ್ಟರ್‌ನ ಸುತ್ತ ಮಸಿಯು ಡಾಂಬರಿನಂತೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಈ ಹಂತ ತಲುಪಿದ ಇಂಜೆಕ್ಟರ್ ಕೈಗೆ ಸುಲಭವಾಗಿ ಬರುವುದಿಲ್ಲ.

ಕೆಲಸಕ್ಕೆ ಕೈಹಾಕುವ ಮುನ್ನ ಎಂಜಿನ್ ನಿಲ್ಲಿಸಿ, ರೈಲ್‌ನ ಒತ್ತಡ ಇಳಿಯಲು ಸಮಯ ಕೊಟ್ಟು, ಸುತ್ತಲಿನ ಕೊಳೆಯನ್ನು ತೆಗೆಯಬೇಕು. ಕನೆಕ್ಟರ್, ರಿಟರ್ನ್ ಪೈಪ್ ಹಾಗೂ ಹೈ ಪ್ರೆಷರ್ ಪೈಪ್ ಬಿಚ್ಚಿದ ಕೂಡಲೇ ಎಲ್ಲ ಬಾಯಿಗಳನ್ನೂ ಮುಚ್ಚಬೇಕು, ಏಕೆಂದರೆ ಒಂದು ಧೂಳಿನ ಕಣವೂ ಇಂಜೆಕ್ಟರ್‌ನ ಸಿಂಪಡಿಸುವ ತುದಿಯಾದ ನಾಜಲ್‌ ಕೆಡಿಸಬಲ್ಲದು. ಯಾವ ಇಂಜೆಕ್ಟರ್ ಯಾವ ಸಿಲಿಂಡರ್‌ನದು ಎಂದು ಗುರುತು ಹಾಕಿಕೊಳ್ಳುವುದು ಕಡ್ಡಾಯ. ಕ್ಯಾಲಿಬ್ರೇಶನ್ ಕೋಡ್ ಇರುವ ಇಂಜೆಕ್ಟರ್‌ಗಳನ್ನು ಅದಲುಬದಲು ಮಾಡಿದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುಗೆ ಹೊಸ ಕೋಡ್ ನೀಡಬೇಕಾಗುತ್ತದೆ. ಕಚ್ಚಿಕೊಂಡ ಇಂಜೆಕ್ಟರ್‌ಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ನೆನೆಯಲು ಬಿಟ್ಟು, ಜಾರುವ ತೂಕದ ಹೊಡೆತದಿಂದ ಎಳೆಯುವ ಸ್ಲೈಡ್ ಹ್ಯಾಮರ್‌ನಿಂದ ನೇರವಾಗಿ ಮೇಲಕ್ಕೆ ಎಳೆಯಬೇಕೇ ಹೊರತು ಪಕ್ಕದಿಂದ ಮೀಟಬಾರದು.

ಇಂಜೆಕ್ಟರ್ ಹೊರಬಂದರೂ ಹಳೆಯ ವಾಷರ್ ಕುಳಿಯ ತಳದಲ್ಲೇ ಉಳಿದಿರುವ ಸಾಧ್ಯತೆ ಇದೆ. ಅದನ್ನು ಗಮನಿಸದೆ ಹೊಸ ವಾಷರ್ ಹಾಕಿದರೆ ಒಂದರ ಮೇಲೊಂದು ಕೂತು, ನಾಜಲ್‌ನ ತುದಿ ದಹನಕೋಣೆಯೊಳಗೆ ಚಾಚುವ ಉದ್ದ ಕಡಿಮೆಯಾಗಿ, ಸಿಂಪಡಣೆಯ ದಿಕ್ಕೇ ತಪ್ಪುತ್ತದೆ. ವಾಷರ್‌ನ ದಪ್ಪವನ್ನು ತಯಾರಕರು ಹೇಳಿದಂತೆಯೇ ಆರಿಸಬೇಕು ಎಂಬುದಕ್ಕೂ ಇದೇ ಕಾರಣ. ಇನ್ನು ಸೀಟ್‌ನ, ಅಂದರೆ ವಾಷರ್ ಕೂರುವ ಕುಳಿಯ ತಳದ ವಿಷಯ: ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದ ಸಮಯದಲ್ಲಿ ಹೆಚ್ಚಿನ ಪಾಲು ಇಲ್ಲಿಗೇ ಸಲ್ಲಬೇಕು, ಏಕೆಂದರೆ ಹೊಸ ವಾಷರ್ ಕೆಲವೇ ದಿನಗಳಲ್ಲಿ ಮತ್ತೆ ಸೋರತೊಡಗಿದರೆ ತಪ್ಪು ಬಹುಮಟ್ಟಿಗೆ ವಾಷರ್‌ನದಲ್ಲ, ಅದರಡಿಯಲ್ಲಿ ಉಳಿದ ಮಸಿಯದು. ನಾಜಲ್ ರಂಧ್ರಕ್ಕೆ ಗ್ರೀಸ್ ಸವರಿದ ಬಟ್ಟೆಯ ಬಿರಡೆ ಇಟ್ಟು, ಬ್ರಷ್‌ನಿಂದ ಮಸಿ ತೆಗೆದು, ವ್ಯಾಕ್ಯೂಮ್‌ನಿಂದ ಎಳೆದು, ಟಾರ್ಚ್ ಬಿಟ್ಟು ನೋಡಬೇಕು. ಅನಿಲ ಕೊರೆದ ಗೀರು ಕಂಡರೆ ಮಾತ್ರ ಸೀಟ್ ಕಟರ್ ಬಳಸಿ, ಬೆಳ್ಳಗೆ ಹೊಳೆಯುವ ಪೂರ್ಣ ಉಂಗುರ ಕಾಣುವಷ್ಟು ಮಾತ್ರ ಲೋಹವನ್ನು ಸವೆಸಬೇಕು. ಬಿರಡೆಯನ್ನು ತೆಗೆಯಲು ಮರೆಯಬಾರದು.

ಹಳೆಯ ತಾಮ್ರದ ವಾಷರ್ ಅನ್ನು ಕೆಂಪಗೆ ಕಾಯಿಸಿ ಮತ್ತೆ ಹಾಕುವ ರೂಢಿ ಗ್ಯಾರೇಜುಗಳಲ್ಲಿದೆ. ಕಾಯಿಸಿದಾಗ ತಾಮ್ರ ಮೆದುವಾಗುವುದು ನಿಜ, ಆದರೆ ಒಮ್ಮೆ ಅದುಮಿ ತೆಳುವಾದ ವಾಷರ್‌ಗೆ ಮೂಲ ದಪ್ಪ ಮರಳುವುದಿಲ್ಲ. ಅಗ್ಗದ ವಸ್ತುವಿಗಾಗಿ ಈ ಜಿಪುಣತನ ಸಲ್ಲದು. ಕಚ್ಚಿಕೊಳ್ಳದಂತೆ ತಡೆಯುವ ಸೆರಾಮಿಕ್ ಗ್ರೀಸನ್ನು ಇಂಜೆಕ್ಟರ್‌ನ ಮೈಗೆ ತೆಳುವಾಗಿ ಸವರಬಹುದು, ವಾಷರ್‌ನ ಮುಖಕ್ಕೆ ಮಾತ್ರ ತಾಗಿಸಬಾರದು. ಇಂಜೆಕ್ಟರ್ ಅನ್ನು ಹಿಡಿದಿಡುವ ಕ್ಲಾಂಪ್ ಬೋಲ್ಟ್ ಒಮ್ಮೆ ಬಿಗಿದಾಗ ಹಿಗ್ಗುವ ಬಗೆಯದಾದರೆ ಹೊಸದನ್ನೇ ಹಾಕಿ, ಕೈಪಿಡಿ ಹೇಳುವ ಅಳತೆಗೆ ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು.

ಪೆಟ್ರೋಲ್ ಎಂಜಿನ್‌ನ ಲೆಕ್ಕವೇ ಬೇರೆ. ಇಂಟೇಕ್ ಪೋರ್ಟ್‌ಗೆ ಸಿಂಪಡಿಸುವ ಇಂಜೆಕ್ಟರ್‌ಗಳಲ್ಲಿ ಒ-ರಿಂಗ್‌ಗೆ ತುಸು ಎಂಜಿನ್ ಆಯಿಲ್ ಸವರಿ, ತಿರುಚಿಕೊಳ್ಳದಂತೆ ಒತ್ತಿ ಕೂರಿಸಿದರೆ ಸಾಕು. ನೇರ ಇಂಜೆಕ್ಷನ್‌ನ ಟೆಫ್ಲಾನ್ ಉಂಗುರಕ್ಕಾದರೆ ಹಿಗ್ಗಿಸಿ ಏರಿಸಿ, ಮತ್ತೆ ಕುಗ್ಗಿಸುವ ವಿಶೇಷ ಉಪಕರಣ ಬೇಕು.

ಡೀಸೆಲ್‌ಗೆ ಮರಳುವುದಾದರೆ, ಇಂಧನದ ಪೈಪುಗಳಲ್ಲಿನ ಗಾಳಿ ಹೊರಹಾಕಿ ಎಂಜಿನ್ ಚಾಲೂ ಮಾಡಿದ ಮೇಲೆ ಹೈ ಪ್ರೆಷರ್ ಕೂಡಿಕೆಗಳನ್ನು ಬೆರಳಿನಿಂದ ಮುಟ್ಟಿ ಪರೀಕ್ಷಿಸುವುದು ಅಪಾಯಕರ, ಏಕೆಂದರೆ ಆ ಒತ್ತಡದ ಸಣ್ಣ ಧಾರೆಯೂ ಚರ್ಮವನ್ನು ಸೀಳಿ ಒಳಹೊಕ್ಕು, ತುರ್ತು ಶಸ್ತ್ರಚಿಕಿತ್ಸೆ ಬೇಕಾಗುವಂಥ ಗಾಯ ಮಾಡುತ್ತದೆ. ರಟ್ಟಿನ ತುಂಡು ಹಿಡಿದು ನೋಡಬೇಕು. ವಾಷರ್‌ನ ಪರೀಕ್ಷೆಗೆ ಇಂಜೆಕ್ಟರ್‌ನ ಬುಡಕ್ಕೆ ಒಂದಿಷ್ಟು ಸೋಪಿನ ನೀರು ಬಿಟ್ಟು, ಐಡಲ್‌ನಲ್ಲಿ ಗುಳ್ಳೆ ಏಳುತ್ತದೆಯೇ ಎಂದು ಗಮನಿಸಬೇಕು. ಎದ್ದರೆ ಬೋಲ್ಟ್ ಅನ್ನು ಇನ್ನಷ್ಟು ಬಿಗಿಯಲು ಹೋಗದೆ, ಇಂಜೆಕ್ಟರ್ ಹೊರತೆಗೆದು ಸೀಟ್ ಅನ್ನು ಮತ್ತೊಮ್ಮೆ ನೋಡಬೇಕು.