ನರ್ಸರಿ ಚೀಲವೂ ಎಥಿಲೀನೇ, ನೀರಿನ ಪೈಪೂ ಎಥಿಲೀನೇ

ಚಿಕ್ಕಮಗಳೂರು ಸುತ್ತಮುತ್ತಲ ತೋಟದವರಿಗೆ ಪೈಪು, ಟಾರ್ಪಾಲು, ಶೇಡ್ ನೆಟ್ ಆರಿಸಿಕೊಡುವುದು ನನ್ನ ಕೆಲಸ. ಓದಿದ್ದು ಪಾಲಿಮರ್ ಎಂಜಿನಿಯರಿಂಗ್. ಕಾಫಿ ಕೊಯ್ಲು ಹತ್ತಿರ ಬಂತೆಂದರೆ ಎಲ್ಲರದ್ದೂ ಒಂದೇ ಪ್ರಶ್ನೆ: "ಇದು ಒಳ್ಳೆ ಪ್ಲಾಸ್ಟಿಕ್ಕಾ ಸಾರ್?" ಅದರ ಬೆನ್ನಿಗೇ ಇನ್ನೊಂದು: "ಪ್ಲಾಸ್ಟಿಕ್ಕೇ ಬೇಡ, ನ್ಯಾಚುರಲ್ ಆಗಿರೋದು ಏನಾದ್ರೂ ಇದ್ಯಾ?" ಎರಡಕ್ಕೂ ಒಂದೇ ಮಾತಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ. ವಸ್ತು ಗಿಡದಿಂದ ಬಂತೋ ಕಾರ್ಖಾನೆಯಿಂದ ಬಂತೋ ಅಂತ ತಿಳಿದರೆ ಅದರ ಗುಣ ಅರ್ಧವೂ ಗೊತ್ತಾಗುವುದಿಲ್ಲ. ಒಳಗಿನ ಅಣುಗಳು ಹೇಗೆ ಜೋಡಿಕೊಂಡಿವೆ ಅಂತ ನೋಡಬೇಕು.

ಪಾಲಿಮರ್ ಅಂದರೆ ಸಣ್ಣ ಸಣ್ಣ ಅಣುಗಳು ಸಾವಿರಾರು ಸಲ ಒಂದಕ್ಕೊಂದು ಸೇರಿ ಆದ ಉದ್ದದ ಸರಪಳಿ. ಆ ಸಣ್ಣ ಅಣುವಿಗೆ ಮಾನೊಮರ್ ಎನ್ನುತ್ತಾರೆ. ಇವತ್ತು ಇದು ಪಿಯುಸಿ ಪಾಠ. ಆದರೆ ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಇದನ್ನು ಹೇಳಿದಾಗ ದೊಡ್ಡ ದೊಡ್ಡ ರಸಾಯನಶಾಸ್ತ್ರಜ್ಞರೇ ಒಪ್ಪಲಿಲ್ಲ. ಅಷ್ಟು ಉದ್ದದ ಅಣು ಇರುವುದಕ್ಕೇ ಸಾಧ್ಯವಿಲ್ಲ, ಸಣ್ಣ ಅಣುಗಳು ಸುಮ್ನೆ ಗುಂಪುಗೂಡಿವೆ ಅಷ್ಟೇ ಅನ್ನುವುದು ಅವರ ವಾದ. ಸ್ಟೌಡಿಂಗರ್ ಅವರಿಗೆ ನೊಬೆಲ್ ಸಿಕ್ಕಿದ್ದು 1953ರಲ್ಲಿ.

ಜೋಡಣೆ ಎಷ್ಟು ಮುಖ್ಯ ಅನ್ನುವುದಕ್ಕೆ ನಮ್ಮ ಕಡೆಯದೇ ಉದಾಹರಣೆ ಇದೆ. ಹಾಸನದ ಆಲೂಗಡ್ಡೆಯಲ್ಲಿ ತುಂಬಿರುವುದು ಪಿಷ್ಟ. ಕಾಫಿ ಗಿಡದ ಕಾಂಡದಲ್ಲಿ ಜಾಸ್ತಿ ಇರುವುದು ಸೆಲ್ಯುಲೋಸ್. ಎರಡರ ಮಾನೊಮರೂ ಗ್ಲೂಕೋಸೇ. ಪಿಷ್ಟದಲ್ಲಿ ಗ್ಲೂಕೋಸ್‌ಗಳನ್ನು ಜೋಡಿಸುವುದು ಆಲ್ಫಾ ಎಂಬ ಕೊಂಡಿ, ಹಾಗಾಗಿ ಸರಪಳಿ ಸುರುಳಿ ಸುತ್ತುತ್ತದೆ. ಸೆಲ್ಯುಲೋಸಿನಲ್ಲಿ ಬೀಟಾ ಕೊಂಡಿ. ಒಂದು ಬಿಟ್ಟು ಒಂದು ಗ್ಲೂಕೋಸ್ ತಲೆಕೆಳಗಾಗಿ ಕೂತು ಸರಪಳಿ ನೆಟ್ಟಗಾಗುತ್ತದೆ. ನೆಟ್ಟಗಿನ ಸರಪಳಿಗಳು ಒತ್ತೊತ್ತಾಗಿ ಸಾಲುಗಟ್ಟಿ ಬಿಗಿಯಾದ ನಾರಾಗುತ್ತವೆ. ಒಂದು ಪಲ್ಯವಾಗಿ ಜೀರ್ಣವಾಗುತ್ತದೆ, ಇನ್ನೊಂದು ಸೌದೆ. ದನಕ್ಕೆ ಹುಲ್ಲು ದಕ್ಕುವುದೂ ಅದರ ಹೊಟ್ಟೆಯ ಸೂಕ್ಷ್ಮಜೀವಿಗಳು ಆ ಬೀಟಾ ಕೊಂಡಿಯನ್ನು ಕತ್ತರಿಸುವುದರಿಂದ.

ಕಾಫಿಯವರು ಪ್ರತಿ ವರ್ಷ ಒಂದು ಪಾಲಿಮರನ್ನು ಕೈಯಾರೆ ಒಡೆಯುತ್ತಾರೆ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದಿಂದ ಇಳಿದ ಬೀಜದ ಮೇಲೆ ಅಂಟಂಟಾದ ಲೋಳೆ ಇರುತ್ತದಲ್ವಾ, ಅದರಲ್ಲಿರುವುದು ಪೆಕ್ಟಿನ್. ಗ್ಯಾಲಾಕ್ಟುರಾನಿಕ್ ಆಮ್ಲದ ಸರಪಳಿ ಅದು. ಸುಮ್ನೆ ನೀರು ಹೊಯ್ದರೆ ಹೋಗುವುದಿಲ್ಲ, ಯಾಕೆಂದರೆ ಉದ್ದದ ಸರಪಳಿಗಳು ನೀರನ್ನು ಹಿಡಿದಿಟ್ಟುಕೊಂಡು ಜೆಲ್ಲಿಯಂತೆ ಬೀಜಕ್ಕೆ ಅಂಟಿಕೊಂಡಿರುತ್ತವೆ. ತೊಟ್ಟಿಯಲ್ಲಿ ಬಿಟ್ಟಾಗ ಯೀಸ್ಟು, ಬ್ಯಾಕ್ಟೀರಿಯಾಗಳ ಕಿಣ್ವಗಳು ಸರಪಳಿಯನ್ನು ತುಂಡು ತುಂಡು ಮಾಡುತ್ತವೆ. ತುಂಡುಗಳು ನೀರಿನಲ್ಲಿ ಕರಗಿ ತೊಳೆದುಹೋಗುತ್ತವೆ. ಅರೇಬಿಕಾ ಕಾಫಿಗೆ 24ರಿಂದ 36 ಗಂಟೆ ಸಾಕು. ರೊಬಸ್ಟಾದ ಲೋಳೆ ದಪ್ಪ, 72 ಗಂಟೆಯವರೆಗೂ ಹಿಡಿಯುತ್ತದೆ. ಬೀಜ ಕೈಯಲ್ಲಿ ಹಿಡಿದು ಉಜ್ಜಿದಾಗ ಜಾರದೆ ಜಲ್ಲಿಯ ಹಾಗೆ ಗರಗರ ಅಂದರೆ ಪೆಕ್ಟಿನ್ ಹೋಗಿದೆ ಅಂತ ಅರ್ಥ. ತೋಟದ ಕೆಲಸ ನೋಡಿಕೊಳ್ಳುವ ರೈಟರು ಮಾಡುವ ಆ ಪರೀಕ್ಷೆ ಯಾವ ಲ್ಯಾಬಿಗೂ ಕಡಿಮೆಯಲ್ಲ.

ಪುಸ್ತಕದ ವರ್ಗೀಕರಣ ಬೇಗ ಹೇಳಿ ಮುಗಿಸುತ್ತೇನೆ. ಮೂಲ ನೋಡಿದರೆ ಮೂರು ಗುಂಪು. ಪಿಷ್ಟ, ರೇಷ್ಮೆ, ರಬ್ಬರ್ ಸಹಜ. ಪಾಲಿಥೀನ್, ನೈಲಾನ್ ಕೃತಕ. ಸೆಲ್ಯುಲೋಸನ್ನೇ ರಾಸಾಯನಿಕವಾಗಿ ಕರಗಿಸಿ ಮತ್ತೆ ದಾರ ಮಾಡಿದ ರೇಯಾನ್ ನಡುವಿನದು. ತಯಾರಾಗುವ ರೀತಿ ನೋಡಿದರೆ ಎರಡು. ಎಥಿಲೀನಿನಂಥ (ಪಾಲಿಥೀನಿನ ಮಾನೊಮರ್ ಇದು) ಅಣುಗಳು ಏನನ್ನೂ ಕಳೆದುಕೊಳ್ಳದೆ ಒಂದಕ್ಕೊಂದು ಸೇರಿದರೆ ಅಡಿಷನ್. ಸೇರುವಾಗ ನೀರಿನಂಥ ಚಿಕ್ಕ ಅಣು ಹೊರಬಿದ್ದರೆ ಕಂಡೆನ್ಸೇಷನ್. 1935ರಲ್ಲಿ ಡ್ಯುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕರಾಥರ್ಸ್ ತಂಡ ಮಾಡಿದ ನೈಲಾನ್, ಮುಳ್ಳಯ್ಯನಗಿರಿ ದಾರಿಯ ಬದಿಯಲ್ಲಿ ಬಿದ್ದಿರುವ ನೀರಿನ ಬಾಟಲಿಯ ಪೆಟ್, ಎರಡೂ ಕಂಡೆನ್ಸೇಷನ್ ಜಾತಿ.

ಪರೀಕ್ಷೆಗೆ ಇಷ್ಟು ಸಾಕು. ಅಂಗಡಿಯಲ್ಲಿ ನಿಂತು ಆರಿಸುವವನಿಗೆ ಇದರಿಂದ ಏನೂ ಗೊತ್ತಾಗುವುದಿಲ್ಲ. ಅವನಿಗೆ ಬೇಕಾಗಿರುವುದು ಸರಪಳಿಯ ಆಕಾರ.

ಪಾಲಿಥೀನನ್ನೇ ನೋಡಿ. 1933ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಗಿಬ್ಸನ್ ಮತ್ತು ಫಾಸೆಟ್ ಎಥಿಲೀನನ್ನು ವಿಪರೀತ ಒತ್ತಡದಲ್ಲಿಟ್ಟು ಬೇರೇನೋ ಪ್ರಯೋಗ ಮಾಡುತ್ತಿದ್ದರು. ಪಾತ್ರೆಯಲ್ಲಿ ಬಿಳಿ ಮೇಣದಂಥ ವಸ್ತು ಸಿಕ್ಕಿತು. ಹಾಗೆ ಒತ್ತಡದಲ್ಲಿ ಆದ ಸರಪಳಿಗೆ ಅಲ್ಲಲ್ಲಿ ಕೊಂಬೆ ಒಡೆದಿರುತ್ತದೆ. ಕೊಂಬೆ ಇರುವ ಸರಪಳಿಗಳು ಹತ್ತಿರ ಕೂರಲಾರವು. ಹಾಗಾಗಿ ಅದು ಮೆತ್ತಗೆ, ಹಗುರ. ಕಾಫಿ ಸಸಿಯ ನರ್ಸರಿ ಚೀಲ ಈ ಎಲ್‌ಡಿಪಿಇ, ಅಂದರೆ ಕಡಿಮೆ ಸಾಂದ್ರತೆಯ ಪಾಲಿಥೀನ್. 1953ರಲ್ಲಿ ಕಾರ್ಲ್ ಜೀಗ್ಲರ್ ಒಂದು ವೇಗವರ್ಧಕ ಕಂಡುಹಿಡಿದರು. ಕಡಿಮೆ ಒತ್ತಡದಲ್ಲೇ ಕೊಂಬೆಯಿಲ್ಲದ ನೆಟ್ಟನೆಯ ಸರಪಳಿ ಸಿಕ್ಕಿತು. ಅದು ಎಚ್‌ಡಿಪಿಇ, ಅಂದರೆ ಹೆಚ್ಚು ಸಾಂದ್ರತೆಯ ಪಾಲಿಥೀನ್, ಸ್ಪ್ರಿಂಕ್ಲರ್ ಲೈನಿನ ಕಪ್ಪು ಪೈಪು. ಅದೇ ಎಥಿಲೀನ್, ಕೊಂಬೆ ಮಾತ್ರ ಇಲ್ಲ. ಒಂದನ್ನು ಉಗುರಿನಲ್ಲಿ ಹರಿಯಬಹುದು, ಇನ್ನೊಂದು ಪಂಪಿನ ಒತ್ತಡ ತಡೆಯುತ್ತದೆ.

ಆ ಪೈಪಿನ ಕಪ್ಪು ಬಣ್ಣ ಅಂದಕ್ಕಲ್ಲ. ಶೇ. 2ರಿಂದ 3ರಷ್ಟು ಕಾರ್ಬನ್ ಬ್ಲ್ಯಾಕ್ ಬೆರೆಸಿರುತ್ತಾರೆ, ಅದು ಬಿಸಿಲಿನ ಅತಿನೇರಳೆ ಕಿರಣವನ್ನು ತಾನೇ ನುಂಗಿಕೊಳ್ಳುತ್ತದೆ. ಬಿಸಿಲು ಏನು ಮಾಡುತ್ತದೆ ಅಂತ ನೋಡಬೇಕಾದರೆ ಗೊಬ್ಬರ ಬಂದ ಪ್ಲಾಸ್ಟಿಕ್ ನೇಯ್ಗೆಯ ಚೀಲವನ್ನು ಬೇಸಿಗೆಯಲ್ಲಿ ಗೋದಾಮಿನ ಹೊರಗೆ ಬಿಟ್ಟು ನೋಡಿ. ಮಳೆ ಶುರುವಾಗುವ ಹೊತ್ತಿಗೆ ಎತ್ತಲು ಹೋದರೆ ಕೈಯಲ್ಲಿ ಪಟ್ಟಿ ಪಟ್ಟಿಯಾಗಿ, ಪುಡಿಪುಡಿಯಾಗಿ ಉದುರುತ್ತದೆ. ಅದು ಪಾಲಿಪ್ರೊಪಿಲೀನ್. ಸರಪಳಿಯಲ್ಲಿ ಒಂದು ಬಿಟ್ಟು ಒಂದು ಇಂಗಾಲಕ್ಕೆ ಒಂದು ಮೀಥೈಲ್ ಗುಂಪು ಅಂಟಿರುತ್ತದೆ. ಆ ಇಂಗಾಲದ ಮೇಲಿನ ಹೈಡ್ರೋಜನ್‌ನ ಹಿಡಿತ ಸಡಿಲ. ಬಿಸಿಲು ಬಿದ್ದಾಗ ಅದು ಬೇಗ ಕಿತ್ತುಹೋಗುತ್ತದೆ, ಆ ಜಾಗಕ್ಕೆ ಆಮ್ಲಜನಕ ನುಗ್ಗುತ್ತದೆ, ಸರಪಳಿ ಅಲ್ಲೇ ತುಂಡಾಗುತ್ತದೆ. ಪುಡಿಯಾದ ಮಾತ್ರಕ್ಕೆ ಮಣ್ಣಾಯಿತು ಅಂತಲ್ಲ, ತೋಟದ ತುಂಬ ಸಣ್ಣ ಪ್ಲಾಸ್ಟಿಕ್ ಹರಡಿತು ಅಷ್ಟೇ. ಟಾರ್ಪಾಲು ಕೊಳ್ಳುವಾಗ ದಪ್ಪ ಕೇಳುವವರೇ ಜಾಸ್ತಿ. ನಾನು ಮೊದಲು ಕೇಳುವುದು ಅತಿನೇರಳೆ ಕಿರಣದಿಂದ ಕಾಯುವ ಯುವಿ ಸ್ಟೆಬಿಲೈಸರ್ ಹಾಕಿದೆಯಾ ಅಂತ.

ಹಾಗಾದರೆ ಕಾಫಿಗೆ ಗೋಣಿಚೀಲವೇ ಯಾಕೆ? ಸೆಣಬಿನ ಸೆಲ್ಯುಲೋಸಿನ ಮೈತುಂಬ ಹೈಡ್ರಾಕ್ಸಿಲ್ ಗುಂಪುಗಳಿವೆ, ಅವು ನೀರಿನ ಆವಿಯನ್ನು ಹಿಡಿಯುತ್ತವೆ, ಮತ್ತೆ ಹೊರಗೆ ಬಿಡುತ್ತವೆ. ಚೀಲ ಉಸಿರಾಡುತ್ತದೆ. ತೇವಾಂಶ ಶೇ. 10ಕ್ಕೆ ಇಳಿಯುವಂತೆ ಒಣಗಿಸಿದ ಪಾರ್ಚ್‌ಮೆಂಟಿಗೆ (ಲೋಳೆ ತೊಳೆದ, ಒಳಹೊಟ್ಟು ಇನ್ನೂ ಇರುವ ಬೀಜಕ್ಕೆ) ಅದು ಒಳ್ಳೆಯದು. ಆದರೆ ಜೂನ್, ಜುಲೈ ಮಳೆಯಲ್ಲಿ ಅದೇ ಗುಣ ತಿರುಗಿಬೀಳುತ್ತದೆ. ಹೊರಗಿನ ತೇವ ಚೀಲದ ಮೂಲಕವೇ ಬೀಜಕ್ಕೆ ಸೇರುತ್ತದೆ. ಮಳೆಗಾಲ ದಾಟಿಸಬೇಕಾದ ಮಾಲಿಗೆ ಗೋಣಿಯ ಒಳಗೆ ಗಾಳಿ ಆಡದ ಪಾಲಿಥೀನ್ ಚೀಲ ಹಾಕಿ ಅಂತ ನಾನು ಹೇಳುತ್ತೇನೆ, ಮಾಲು ಚೆನ್ನಾಗಿ ಒಣಗಿದ್ದರೆ ಮಾತ್ರ. ಇಲ್ಲಿ ಸಹಜ, ಕೃತಕ ಅಂತ ಜಗಳ ಹಚ್ಚಿ ಪ್ರಯೋಜನವಿಲ್ಲ.

ಬಿಸಿ ಮಾಡಿದರೆ ಏನಾಗುತ್ತದೆ ಅನ್ನುವುದು ಇನ್ನೊಂದು ದೊಡ್ಡ ವ್ಯತ್ಯಾಸ. ಪಾಲಿಥೀನ್, ಪಿವಿಸಿ, ಪೆಟ್ ಇವು ಥರ್ಮೋಪ್ಲಾಸ್ಟಿಕ್. ಇವುಗಳ ಸರಪಳಿಗಳು ತಟ್ಟೆಯಲ್ಲಿನ ಒತ್ತು ಶಾವಿಗೆಯಂತೆ ಸಿಕ್ಕಿಕೊಂಡಿರುತ್ತವೆ ಹೊರತು ಬೆಸೆದಿರುವುದಿಲ್ಲ. ಕಾಸಿದರೆ ಸಡಿಲವಾಗಿ ಜಾರುತ್ತವೆ, ಬೇರೆ ಆಕಾರ ಕೊಡಬಹುದು. ಇನ್ನು ಕೆಲವದರಲ್ಲಿ ಸರಪಳಿ ಸರಪಳಿಯ ನಡುವೆಯೇ ಅಡ್ಡಕೊಂಡಿ ಬಿದ್ದು ಇಡೀ ವಸ್ತು ಒಂದೇ ಬಲೆಯಾಗುತ್ತದೆ. ಹಳೇ ಎಸ್ಟೇಟ್ ಬಂಗಲೆಗಳ ದುಂಡನೆಯ ಕಪ್ಪು ಸ್ವಿಚ್ ನೋಡಿರುತ್ತೀರಿ. ಅದು ಬೇಕಲೈಟ್, 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಮಾಡಿದ್ದು. ಕಾಯಿಸಿದರೆ ಸುಡುತ್ತದೆಯೇ ಹೊರತು ಕರಗುವುದಿಲ್ಲ.

ಕೊಪ್ಪ, ನರಸಿಂಹರಾಜಪುರ ಕಡೆ ರಬ್ಬರ್ ತೋಟ ಇರುವವರಿಗೆ ಅಡ್ಡಕೊಂಡಿಯ ಕತೆ ಇನ್ನೂ ಹತ್ತಿರದ್ದು. ಮರದ ಹಾಲಿನಲ್ಲಿರುವುದು ಐಸೊಪ್ರೀನಿನ ಸರಪಳಿ. ಫಾರ್ಮಿಕ್ ಆಮ್ಲ ಹಾಕಿದರೆ ಗಟ್ಟಿಯಾಗುತ್ತದೆ, ಹಾಳೆ ಮಾಡಿ ಹೊಗೆಗೆ ಹಾಕುತ್ತಾರೆ. ಆ ಹಾಳೆ ಸೆಕೆಗೆ ಅಂಟಂಟು, ಚಳಿಗೆ ಗಟ್ಟಿ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿದ. ಗಂಧಕ ಸರಪಳಿಗಳ ನಡುವೆ ಕೊಂಡಿ ಹಾಕಿತು, ಎಳೆದರೆ ಹಿಗ್ಗಿ ಮತ್ತೆ ಮೊದಲಿನಂತಾಗುವ ಗುಣ ಬಂತು. ಬೆಲೆಯೂ ಕಟ್ಟಬೇಕಾಯಿತು: ಟೈರನ್ನು ಕರಗಿಸಿ ಇನ್ನೊಂದು ಟೈರು ಮಾಡಲಾಗುವುದಿಲ್ಲ. ಮರದಿಂದ ಬಂದ ವಸ್ತುವಾದರೂ ಅದರ ವಿಲೇವಾರಿ ಪಾಲಿಥೀನಿಗಿಂತ ಕಷ್ಟ.

ಇದೇ ಕಾರಣಕ್ಕೆ "ಕಾರ್ನ್ ಕವರ್ ಸಾರ್, ಮಣ್ಣಾಗುತ್ತೆ" ಅಂತ ಹೋಮ್‌ಸ್ಟೇಯವರು ಹೆಮ್ಮೆಯಿಂದ ತೋರಿಸಿದಾಗ ನಾನು ಪೂರ್ತಿ ತಲೆಯಾಡಿಸುವುದಿಲ್ಲ. ಆ ಕವರಿನ ಪಿಎಲ್‌ಎ ಮೆಕ್ಕೆಜೋಳದ ಸಕ್ಕರೆಯಿಂದ ಆದ ಲ್ಯಾಕ್ಟಿಕ್ ಆಮ್ಲದ ಸರಪಳಿ, ನಿಜ. ಆದರೆ ಅದು ಬೇಗ ಕೊಳೆಯಲು ಹತ್ತಿರ ಹತ್ತಿರ 60 ಡಿಗ್ರಿ ಶಾಖ ಬೇಕು. ಅಷ್ಟು ಬಿಸಿ ಕಾರ್ಖಾನೆಯ ಕಾಂಪೋಸ್ಟಿನಲ್ಲಿ ಇರುತ್ತದೆ, ಮಲೆನಾಡಿನ ತಣ್ಣನೆಯ ಗೊಬ್ಬರಗುಂಡಿಯಲ್ಲಿ ಅಪರೂಪ. ಅಡಿಕೆ ಹಾಳೆಯ ತಟ್ಟೆಯಾದರೆ ಆ ರಗಳೆಯಿಲ್ಲ. ಅದನ್ನು ತಿನ್ನುವ ಶಿಲೀಂಧ್ರ ನಮ್ಮ ಮಣ್ಣಿನಲ್ಲೇ ಇದೆ.

ಕೊನೆಗೆ ಒಂದು ಕೆಲಸದ ಮಾತು. ಒಡೆದ ಪೈಪನ್ನು ಕಸದ ಜೊತೆ ಸೇರಿಸಿ ಸುಡುವವರು ಇನ್ನೂ ಇದ್ದಾರೆ. ಪಿವಿಸಿಯ ತೂಕದಲ್ಲಿ ಸುಮಾರು ಶೇ. 57 ಕ್ಲೋರಿನ್. ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುತ್ತದೆ, ಜೊತೆಗೆ ಡಯಾಕ್ಸಿನ್ ಎಂಬ ವಿಷ ಆಗುವ ಅಪಾಯವೂ ಇದೆ. ಯಾವುದು ಪಿವಿಸಿ ಅಂತ ಗೊತ್ತಾಗದಿದ್ದರೆ ಒಂದು ತುಂಡನ್ನು ನೀರಿನ ಬಕೆಟ್ಟಿಗೆ ಹಾಕಿ. ಪಾಲಿಥೀನ್, ಪಾಲಿಪ್ರೊಪಿಲೀನ್ ತೇಲುತ್ತವೆ. ಪಿವಿಸಿ, ಪೆಟ್ ಮುಳುಗುತ್ತವೆ. ಮುಳುಗಿದ್ದರಲ್ಲೂ ಅನುಮಾನ ಇದ್ದರೆ ಬಯಲಲ್ಲಿ ನಿಂತು, ತಾಮ್ರದ ತಂತಿಯ ತುದಿಯನ್ನು ಕೆಂಪಗೆ ಕಾಯಿಸಿ ತುಂಡಿಗೆ ಮುಟ್ಟಿಸಿ, ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ. ಅಂಥದ್ದನ್ನು ಗುಜರಿಗೆ ಬೇರೆಯಾಗಿಯೇ ಕೊಡಿ. ಮರುಬಳಕೆಗೆ ಕಾಯಿಸುವಾಗ ಪೆಟ್ ಕರಗುವುದು 250 ಡಿಗ್ರಿಯ ಮೇಲೆ. ಅಷ್ಟರೊಳಗೆ ಪಿವಿಸಿ ಸೀದು ಆಮ್ಲ ಬಿಡುತ್ತದೆ, ಚೂರೇ ಚೂರು ಬೆರೆತಿದ್ದರೂ ಇಡೀ ಪೆಟ್ ಮಾಲು ಹಳದಿಯಾಗಿ ಕೆಡುತ್ತದೆ.