ತಿಪ್ಪೆಗೆ ಹೋಗುತ್ತಿದ್ದ ಚೀಲ

ಎಳೆಯ ಕೋಳಿಯನ್ನು ಹಸನು ಮಾಡುವಾಗ ಹಿಕ್ಕೆ ದ್ವಾರದ ಮೇಲುಗಡೆ ಗೋಲಿಗಾತ್ರದ ಚೀಲವೊಂದು ಸಿಗುತ್ತದೆ. ಕರುಳಿನ ಜೊತೆ ಅದೂ ತಿಪ್ಪೆಗೆ. ಇಟಲಿಯ ಪಡುವಾದಲ್ಲಿದ್ದ ಅಂಗರಚನಾ ತಜ್ಞ ಫ್ಯಾಬ್ರಿಷಿಯಸ್ ಇದನ್ನು ವರ್ಣಿಸಿದ್ದ. ಅವನು ತೀರಿಕೊಂಡ ಮೇಲೆ, 1621ರಲ್ಲಿ, ಆ ಬರಹ ಅಚ್ಚಾಯಿತು. ಹುಂಜದ ವೀರ್ಯವನ್ನು ಹೇಂಟೆ ಕೂಡಿಡುವ ಜಾಗ ಇದು ಎಂದು ಅವನ ಊಹೆ. ಹುಂಜಕ್ಕೂ ಇದೇ ಚೀಲ ಇದೆಯಲ್ಲ, ಅದಕ್ಕೇನು ಹೇಳೋಣ!

ಮುನ್ನೂರು ವರ್ಷ ಕಳೆದರೂ ಅದರ ಕೆಲಸ ತಿಳಿದಿರಲಿಲ್ಲ. 1950ರ ದಶಕದಲ್ಲಿ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಬ್ರೂಸ್ ಗ್ಲಿಕ್ ಮರಿಗಳ ಚೀಲ ಕತ್ತರಿಸಿ ನೋಡಿದ. ಮರಿಗಳು ಮಾಮೂಲಿನಂತೆ ಬೆಳೆದವು. ಸಹಪಾಠಿ ತಿಮೋಥಿ ಚಾಂಗ್‌ಗೆ ತರಗತಿಯಲ್ಲಿ ಪ್ರಯೋಗವೊಂದನ್ನು ತೋರಿಸಲು ಕೋಳಿ ಬೇಕಿತ್ತು. ಗ್ಲಿಕ್‌ನ ಕೋಳಿಗಳನ್ನೇ ಎರವಲು ಪಡೆದು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಚುಚ್ಚಿದ. ರಕ್ತದಲ್ಲಿ ರೋಗಾಣುವನ್ನು ಎದುರಿಸುವ ಪ್ರತಿಕಾಯ ಕಾಣಿಸಬೇಕಿತ್ತು. ಕೆಲವು ಕೋಳಿ ಸತ್ತವು, ಕೆಲವದರಲ್ಲಿ ಪ್ರತಿಕಾಯದ ಸುಳಿವೇ ಇಲ್ಲ. ಪಾಠ ಕೆಟ್ಟಿತು. ಯಾವ ಕೋಳಿಗಳು ಎಂದು ನೋಡಿದರೆ, ಚೀಲ ಕಳೆದುಕೊಂಡವೇ! 'ಸೈನ್ಸ್' ಪತ್ರಿಕೆ ಆ ಲೇಖನವನ್ನು ಬೇಡವೆಂದಿತು. 1956ರಲ್ಲಿ ಅದು ಕೋಳಿ ಸಾಕಣೆಯವರ 'ಪೌಲ್ಟ್ರಿ ಸೈನ್ಸ್'ನಲ್ಲಿ ಬಂತು. ವೈದ್ಯರು ಓದುವ ಪತ್ರಿಕೆಯಲ್ಲ. ಹಾಗಾಗಿ ಕೆಲವು ವರ್ಷ ಅಲ್ಲೇ ಬಿದ್ದಿತ್ತು.

ಇತ್ತ 1961ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್, ಆಗಷ್ಟೇ ಹುಟ್ಟಿದ ಇಲಿಗಳಿಂದ ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿ ತೆಗೆದ. ಅವುಗಳಲ್ಲಿ ಲಿಂಫೋಸೈಟ್ ಎಂಬ ಬಿಳಿರಕ್ತಕಣಗಳು ವಿರಳವಾದವು. ಬೇರೆ ಇಲಿಯ ಚರ್ಮ ಕಸಿ ಮಾಡಿದರೂ ಅವು ತಿರಸ್ಕರಿಸಲಿಲ್ಲ. ವೈದ್ಯರ ಮುಂದೆ ಇನ್ನೊಂದು ಒಗಟೂ ಇತ್ತು: ಹುಟ್ಟಿನಿಂದಲೇ ಪ್ರತಿಕಾಯವಿಲ್ಲದ ಹುಡುಗರು ನ್ಯುಮೋನಿಯಾಕ್ಕೆ ಮತ್ತೆ ಮತ್ತೆ ತುತ್ತಾಗುತ್ತಿದ್ದರು, ದಡಾರ ಬಂದರೆ ಮಾತ್ರ ಎಲ್ಲರಂತೆ ಗುಣವಾಗುತ್ತಿದ್ದರು. ಹಾಗಾದರೆ ರೋಗದ ವಿರುದ್ಧ ದೇಹದ ಕಾವಲು ಎರಡು ಬಗೆಯದು ಇರಬೇಕು. 1965ರಲ್ಲಿ ಮ್ಯಾಕ್ಸ್ ಕೂಪರ್ ಮತ್ತು ಸಂಗಡಿಗರು ಕೋಳಿಯಲ್ಲೇ ಇದನ್ನು ಬಿಡಿಸಿ ತೋರಿಸಿದರು. ಚೀಲದ, ಅಂದರೆ ಬರ್ಸಾದ, ಲಿಂಫೋಸೈಟುಗಳಿಗೆ ಆಮೇಲೆ ಬಿ ಕೋಶಗಳೆಂದು ಹೆಸರಾಯಿತು; ಥೈಮಸ್‌ನವಕ್ಕೆ ಟಿ ಕೋಶಗಳೆಂದು.

ಪ್ರತಿಕಾಯವೆಂದರೆ ಕವೆಗೋಲಿನಾಕಾರದ ಪ್ರೋಟೀನು. ಎರಡು ತುದಿಗಳಿಂದ ರೋಗಾಣುವನ್ನು ಹಿಡಿಯುತ್ತದೆ. ಭಕ್ಷಕ ಕೋಶಗಳು ಆ ಗುರುತು ಕಂಡು ನುಂಗುತ್ತವೆ. ಒಂದು ಬಿ ಕೋಶ ಮಾಡುವುದು ಒಂದೇ ಅಚ್ಚಿನ ಪ್ರತಿಕಾಯ; ಕೋಶದಿಂದ ಕೋಶಕ್ಕೆ ಅಚ್ಚು ಬೇರೆ. ಅಚ್ಚಿಗೆ ಹೊಂದುವ ರೋಗಾಣು ಸಿಕ್ಕಾಗ ಆ ಕೋಶ ಮಾತ್ರ ವಿಭಜನೆಗೊಂಡು ಸಾವಿರಾರಾಗಿ ಪ್ರತಿಕಾಯ ಸುರಿಸುತ್ತದೆ, ಕೆಲವು ನೆನಪಿಗೆಂದು ಉಳಿದುಕೊಳ್ಳುತ್ತವೆ. ವೈರಸ್ ನಮ್ಮದೇ ಕೋಶದೊಳಗೆ ಹೊಕ್ಕು ಕೂತರೆ ಪ್ರತಿಕಾಯಕ್ಕೆ ಅಲ್ಲಿ ಪ್ರವೇಶವಿಲ್ಲ. ಆಗ ಕೊಲ್ಲುವ ಟಿ ಕೋಶ ಬಂದು ಮನೆಸಮೇತ ಮುಗಿಸುತ್ತದೆ. ಇನ್ನೊಂದು ಬಗೆಯ ಟಿ ಕೋಶ ಬಿ ಕೋಶಕ್ಕೆ ಒತ್ತಾಸೆ.

ಮನುಷ್ಯರಿಗೆ ಬರ್ಸಾ ಇಲ್ಲ. ನಮ್ಮ ಬಿ ಕೋಶಗಳು ಅಸ್ಥಿಮಜ್ಜೆಯಲ್ಲಿ ತಯಾರಾಗುತ್ತವೆ, ಹೆಸರು ಮಾತ್ರ ಕೋಳಿಯದು. ನಮ್ಮ ಕೋಳಿ ಫಾರಂನವರಿಗೆ ಈ ಚೀಲ ಬೇರೆ ದಾರಿಯಿಂದ ಪರಿಚಯ: ಗುಂಬೊರೊ ರೋಗದ ವೈರಸ್ ನೇರವಾಗಿ ಅಲ್ಲಿಗೇ ನುಗ್ಗಿ ಬಿ ಕೋಶಗಳನ್ನು ಹಾಳುಮಾಡುತ್ತದೆ. ಎಳೆಯದರಲ್ಲೇ ಅದು ತಗುಲಿ ಬದುಕುಳಿದ ಮರಿಗೆ ಆಮೇಲೆ ಕೊಕ್ಕರೆ (ರಾಣಿಖೇತ್) ರೋಗದ ಲಸಿಕೆ ಹಾಕಿದರೂ ಸರಿಯಾಗಿ ಹತ್ತುವುದಿಲ್ಲ.