ಮುಖ ನೋಡಿ ಸಿಂಹದ ಮೂಲ ಹೇಳಲಾಗದು

ಗುಜರಾತಿನ ಗಿರ್ ಕಾಡಿನ ಸಿಂಹವನ್ನು, ಅಂದರೆ ಏಷ್ಯಾ ಸಿಂಹವನ್ನು, ಗುರುತಿಸುವುದು ಸುಲಭವೆಂದು ಬಹಳ ಜನ ನಂಬಿದ್ದಾರೆ. ಹೊಟ್ಟೆಯಡಿ ಉದ್ದಕ್ಕೂ ಜೋಲುವ ಚರ್ಮದ ಮಡಿಕೆ, ಕಿವಿ ಮುಚ್ಚದಷ್ಟು ವಿರಳವಾದ ಕೇಸರ ಕಂಡರೆ ಸಾಕು, ‘ಏಷ್ಯಾ ಸಿಂಹ’ ಎಂದು ಫಲಕ ತೂಗುಹಾಕಬಹುದಂತೆ. ಇದು ತಪ್ಪು. ಏಷ್ಯಾ ಸಿಂಹವೆಂದೇ ನಂಬಿ ವರ್ಷಗಟ್ಟಲೆ ಮರಿಮಾಡಿಸಿದ ಅಮೆರಿಕದ ಮೃಗಾಲಯಗಳು ಕೊನೆಗೆ ಆ ಯೋಜನೆಯನ್ನೇ ಕೈಬಿಡಬೇಕಾಯಿತು.

1987ರಲ್ಲಿ ಅಮೆರಿಕದ ತಳಿವಿಜ್ಞಾನಿ ಸ್ಟೀಫನ್ ಓಬ್ರಿಯನ್ ಮತ್ತು ಸಂಗಡಿಗರು ಆ ಸಿಂಹಗಳ ಪ್ರೋಟೀನುಗಳನ್ನು ಪರೀಕ್ಷಿಸಿದ ಬಗೆ ಬಹಳ ಸೊಗಸಾಗಿದೆ. ಜೆಲ್ ಹಾಳೆಯ ಒಂದು ತುದಿಯಲ್ಲಿ ಮಾದರಿಯಿಟ್ಟು ವಿದ್ಯುತ್ ಹರಿಸಿದರೆ, ಒಂದೇ ಪ್ರೋಟೀನಿನ ಬೇರೆ ಬೇರೆ ರೂಪಗಳು ತಮ್ಮ ವಿದ್ಯುದಂಶಕ್ಕೆ ತಕ್ಕಂತೆ ಹೆಚ್ಚುಕಡಿಮೆ ದೂರ ಸರಿಯುತ್ತವೆ. ಬಣ್ಣ ಹಾಕಿದಾಗ ಗೆರೆಗಳಾಗಿ ಮೂಡುತ್ತವೆ. ಜುನಾಗಢದ ಸಕ್ಕರ್‌ಬಾಗ್ ಮೃಗಾಲಯದ ಗಿರ್ ಸಿಂಹಗಳಲ್ಲಿ ಆ ಗೆರೆಗಳೆಲ್ಲ ಒಂದೇ ಬಗೆ. ಬೇಟೆಯಿಂದ ಅಳಿದು ಬೆರಳೆಣಿಕೆಯಷ್ಟಾಗಿ ಉಳಿದ ಸಿಂಹಗಳ ಸಂತತಿ ಅದು, ವೈವಿಧ್ಯವೇ ಇಲ್ಲ. ಆಫ್ರಿಕಾದ ಸಿಂಹಗಳಲ್ಲಿ ಬಗೆಬಗೆಯ ಗೆರೆಗಳಿವೆ. ಹಾಗಾಗಿ ಅಮೆರಿಕದ ‘ಗಿರ್’ ಸಿಂಹದಲ್ಲಿ ಹೆಚ್ಚಿನದೊಂದು ಗೆರೆ ಕಂಡರೆ ಅದು ಆಫ್ರಿಕಾದಿಂದಲೇ ಬಂದಿರಬೇಕು. ಗಿರ್ ಸಿಂಹದ ಬಡತನವೇ ಇಲ್ಲಿ ಸಾಕ್ಷಿಯಾಯಿತು! ಆ ಯೋಜನೆಯ ಐದು ಮೂಲ ಸಿಂಹಗಳಲ್ಲಿ ಎರಡು ಆಫ್ರಿಕಾ ಮೂಲದವು.

ನೀರು ಬೆರೆತ ಹಾಲಿಗೆ ಗಟ್ಟಿ ಹಾಲು ಸುರಿದಂತೆ, ಗಿರ್ ಸಿಂಹಗಳೊಡನೆಯೇ ಕೂಡಿಸುತ್ತಾ ಹೋದರೆ ಸರಿಹೋಗದೇ ಎಂದು ಕೇಳುವವರಿದ್ದಾರೆ. ವಂಶವಾಹಿಗಳು ಹಾಗೆ ಕಲೆಯುವುದಿಲ್ಲ. ಆಫ್ರಿಕಾದ ಪಾಲು ಮೊದಲ ಮರಿಯಲ್ಲಿ ಅರ್ಧ, ಮುಂದಿನದರಲ್ಲಿ ಕಾಲು, ಅದರ ಮುಂದಿನದರಲ್ಲಿ ಅರೆಕಾಲು. ಇದೂ ಸರಾಸರಿ ಮಾತ್ರ. ತುಣುಕುಗಳು ತುಣುಕುಗಳಾಗಿಯೇ ಉಳಿಯುತ್ತವೆ. ಯಾವ ಮರಿಗೆ ಯಾವುದು ದಾಟಿತೆಂದು ಅಂದಿನ ಪರೀಕ್ಷೆಗಳು ಹೇಳುತ್ತಿರಲಿಲ್ಲ. ಅಷ್ಟರಲ್ಲಿ ಗಿರ್ ಸಿಂಹಕ್ಕೆ ಸಿಗಬೇಕಾದ ಪಂಜರವೂ ತುಂಬಿಹೋಗಿರುತ್ತದೆ.

ನಮ್ಮ ದೇಶದಲ್ಲೂ ಇದು ನಡೆದಿದೆ. ಪಂಜಾಬಿನ ಛತ್‌ಬೀರ್ ಮೃಗಾಲಯದಲ್ಲಿ ಸರ್ಕಸ್ಸಿನ ಆಫ್ರಿಕಾ ಸಿಂಹಗಳೊಡನೆ ಗಿರ್ ಸಿಂಹಗಳನ್ನು ಕೂಡಿಸಿದರು; ಸಂತತಿ ಹಬ್ಬಿದ ಮೇಲೆ ಮರಿಮಾಡಿಸುವುದನ್ನು ನಿಲ್ಲಿಸಬೇಕಾಯಿತು. ಬನ್ನೇರುಘಟ್ಟಕ್ಕೂ ಸರ್ಕಸ್ಸಿನಿಂದ ಬಿಡಿಸಿ ತಂದ ಸಿಂಹಗಳು ಬಂದವು. ಆ ಪ್ರಾಣಿಗಳದ್ದೇನೂ ತಪ್ಪಿಲ್ಲ, ನೆಮ್ಮದಿಯಾಗಿ ಬಾಳಲಿ. ಆದರೆ ಸಂರಕ್ಷಣೆಯ ಲೆಕ್ಕಕ್ಕೆ ಅವನ್ನು ಹಿಡಿಯಬಾರದು.

2016ರಲ್ಲಿ ಲಂಡನ್ ಮೃಗಾಲಯ ಗುಜರಾತಿನ ರೈಲು ನಿಲ್ದಾಣವನ್ನೂ ಬೀದಿಯನ್ನೂ ಕಟ್ಟಿ, ಅದರ ನಡುವೆ ಏಷ್ಯಾ ಸಿಂಹಗಳನ್ನು ಇಟ್ಟಿತು. ಮರುವರ್ಷವೇ ತಜ್ಞರು ವರ್ಗೀಕರಣ ಬದಲಿಸಿ, ಗಿರ್ ಸಿಂಹವನ್ನೂ ಪಶ್ಚಿಮ ಆಫ್ರಿಕಾದ ಸಿಂಹವನ್ನೂ ಒಂದೇ ಉಪಪ್ರಭೇದಕ್ಕೆ ಸೇರಿಸಿದರು. ಹಾಗಾದರೆ ಇನ್ನು ಬೆರೆಸಬಹುದೇ? ಖಂಡಿತ ಇಲ್ಲ. ಹೆಸರು ಒಂದಾದರೂ ಈ ಎರಡು ಗುಂಪುಗಳು ಸಾವಿರಾರು ವರ್ಷ ದೂರವಾಗಿ ಬಾಳಿವೆ. ಗಿರ್ ಸಿಂಹದ ಜೋಡಿಯನ್ನು ಈಗಲೂ ವಂಶಾವಳಿ ದಾಖಲೆಯ ಪುಟ ತೆರೆದೇ ಆರಿಸಬೇಕು.